ಮಂಗಳವಾರದ ಬೆಂಚಿಗೆ ಬಂದ ಗಾಳಿಭೀಮ

ಹನುಮಯ್ಯನಿಗೆ ಎರಡು ಚಟ. ಒಂದು ನಶ್ಯ, ಇನ್ನೊಂದು ಪತ್ತೇದಾರಿ ಕಾದಂಬರಿ. ನಶ್ಯ ಬಿಡಿಸಲು ಅವನ ಹೆಂಡತಿ ಚಿಕ್ಕಗಂಗಮ್ಮ ಊರಮ್ಮನಿಗೆ ಹರಕೆ ಹೊತ್ತಿದ್ದಳು. ಕಾದಂಬರಿ ಬಿಡಿಸುವುದು ಊರಮ್ಮನ ಕೈಲೂ ಆಗದ ಕೆಲಸವೆಂದು ಅದಕ್ಕೆ ಹರಕೆಯನ್ನೇ ಹೊತ್ತಿರಲಿಲ್ಲ. ಅವನದು ಕ್ಷೌರದ ಅಂಗಡಿ, ಪಕ್ಕದ್ದು ನನ್ನ ಹೊಲಿಗೆ ಅಂಗಡಿ, ನಡುವೆ ಒಂದೇ ಗೋಡೆ. ಇಬ್ಬರದೂ ಕತ್ತರಿ ಹಿಡಿಯುವ ಕಸುಬೇ. ಆದರೆ ಅವನು ತಪ್ಪಿ ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆ, ನಾನು ತಪ್ಪಿ ಕತ್ತರಿಸಿದ್ದು ಬೆಳೆಯುವುದಿಲ್ಲ. ಅದಕ್ಕೇ ಹನುಮಯ್ಯ ನಗುಮುಖದವನು, ದರ್ಜಿ ಚನ್ನಕೇಶವ ಸಿಡುಕ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನು.

ಇದು ಐವತ್ತರ ದಶಕದ ನಡುವಿನ ಮಾತು. ಕೇತಮಾರನಹಳ್ಳಿಯ ರಾಗಿ ಹೊಲಗಳ ಮೇಲೆ ರಾಜಾಜಿನಗರದ ಬಡಾವಣೆ ಏಳುತ್ತಿತ್ತು. ನಿನ್ನೆ ಅವರೆಕಾಯಿ ಬಿಡಿಸಿದ ಜಾಗದಲ್ಲಿ ಇವತ್ತು ಕಲ್ಲು ನೆಟ್ಟು ನಂಬರು ಬರೆದಿರುತ್ತಿದ್ದರು. ಹನುಮಯ್ಯನ ಅಪ್ಪ, ತಾತ ಎಲ್ಲರೂ ಊರಿನ ಆಯಗಾರರು. ವರ್ಷವೆಲ್ಲ ಮನೆಮನೆಗೆ ಹೋಗಿ ಕ್ಷೌರ ಮಾಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ರಾಗಿ ತರುವುದು. ಆ ರಾಗಿಗೆ ಆಯ ಎಂದು ಹೆಸರು. ಹೊಲವೇ ಹೋದ ಮೇಲೆ ಕಣವೆಲ್ಲಿ, ಆಯವೆಲ್ಲಿ? ಊರಿನ ಹಿರಿಯರಾದ ಮುನಿಯಪ್ಪನವರು ಒಂದು ದಿನ ಹನುಮಯ್ಯನನ್ನು ಕರೆಸಿ, ಇನ್ನು ಮೇಲೆ ಅಳೆದು ಕೊಡಲು ತಮ್ಮಲ್ಲಿ ರಾಗಿ ಇಲ್ಲವೆಂದು ಹೇಳಿ, ತಮ್ಮ ಮನೆಯ ರಸ್ತೆಬದಿಯ ಕೊಠಡಿಯ ಬೀಗದಕೈಯನ್ನು ಅವನ ಮುಂದಿಟ್ಟರು. ಆಯದ ಬದಲಿಗೆ ಅಂಗಡಿ ಇಟ್ಟುಕೋ ಎಂದರು. ಬಾಡಿಗೆಯ ಮಾತು ಎತ್ತಲೇ ಇಲ್ಲ.

ಹೀಗೆ ಅಂಗಡಿಯ ಗೋಡೆ ಮುನಿಯಪ್ಪನವರದು, ಅಂಗಡಿಗೆ ಬರುವ ತಲೆಗಳು ಹೊಸ ಬಡಾವಣೆಯವರವು. ಕಾರ್ಖಾನೆಯ ಕೂಲಿ, ಫಿಟ್ಟರು, ಗುಮಾಸ್ತೆ, ಎಲ್ಲಿಂದಲೋ ಬಂದ ಜನ. ಮುನಿಯಪ್ಪನವರಿಗೆ ಇವರನ್ನು ಕಂಡರಾಗದು. ಅವರ ಬಾಯಲ್ಲಿ ಇವರೆಲ್ಲರಿಗೂ ಒಂದೇ ಹೆಸರು, "ಬಂದೋರು". ದಿನಾ ಬೆಳಿಗ್ಗೆ ಬಂದು ಅಂಗಡಿಯ ಒಂದೇ ಒಂದು ಬೆಂಚಿನಲ್ಲಿ ಕೂತು, ಪಕ್ಕದಲ್ಲಿ ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಹಾಸಿ, ಅದರ ಮೇಲೆ ಕೋಲನ್ನು ಅಡ್ಡ ಮಲಗಿಸುತ್ತಿದ್ದರು. ಇಬ್ಬರು ಕೂರುವ ಬೆಂಚಿನಲ್ಲಿ ಒಬ್ಬ ಮುನಿಯಪ್ಪ, ಒಂದು ವಲ್ಲಿ. ಬಡಾವಣೆಯವರು ಬಾಗಿಲ ಕಲ್ಲಿನ ಮೇಲೋ ನನ್ನ ಅಂಗಡಿಯ ಮೆಟ್ಟಿಲ ಮೇಲೋ ಕೂತು ಸರದಿ ಕಾಯುತ್ತಿದ್ದರು. ಅವರ ಬೂಟಿನ ಮಣ್ಣು ಗುಡಿಸುವ ಭಾಗ್ಯ ನನ್ನದು.

ಮಂಗಳವಾರ ಮಾತ್ರ ಬೇರೆ ಕತೆ. ಮಂಗಳವಾರ ಯಾರೂ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ, ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಉಳಿದ ಕ್ಷೌರಿಕರು ಆ ದಿನ ಬೀಗ ಜಡಿದು ನೆಂಟರ ಮನೆಗೆ ಹೋಗುತ್ತಾರೆ. ಹನುಮಯ್ಯ ಮಾತ್ರ ಸಂಜೆ ಬಾಗಿಲು ತೆರೆದು, ಕ್ಷೌರದ ಕುರ್ಚಿಯಲ್ಲಿ ತಾನೇ ಕೂತು, ಕನ್ನಡಿಗೆ ಬೆನ್ನು ಹಾಕಿ ಕಾದಂಬರಿ ಓದುತ್ತಿದ್ದ. ಮುನಿಯಪ್ಪನವರಿಗೆ ಅಕ್ಷರ ಬಾರದು, ಆದರೆ ಪತ್ತೇದಾರ ವಜ್ರಕಾಂತನೆಂದರೆ ಪ್ರಾಣ. ವಜ್ರಕಾಂತನೆಂದರೆ ರುಮಾಲು, ಉದ್ದ ಕೋಟು, ಬಿಳಿ ಕುದುರೆ, ಒಳಗೆ ಕತ್ತಿ ಅಡಗಿಸಿದ ಬೆತ್ತ. ಬೆಳಿಗ್ಗೆ ಸನ್ಯಾಸಿ, ಮಧ್ಯಾಹ್ನ ಬಳೆಗಾರ, ಸಂಜೆಗೆ ಕುಷ್ಠರೋಗಿ; ಅವನ ವೇಷ ಅವನ ಕುದುರೆಗೂ ಗೊತ್ತಾಗುತ್ತಿರಲಿಲ್ಲವಂತೆ. ಕಾರ್ಖಾನೆ ಬಿಟ್ಟ ಮೇಲೆ ಬಡಾವಣೆಯವರೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹಿಂದಿನ ಗೋಣಿಪರದೆಯ ಆಚೆ ಚಿಕ್ಕಗಂಗಮ್ಮ ಕಾಳು ಹಸನು ಮಾಡುತ್ತಾ ಕೇಳುತ್ತಿದ್ದಳು. ನಾನು ಮಿಷನ್ನಿನ ತುಳಿತ ನಿಲ್ಲಿಸಿ ಕೇಳುತ್ತಿದ್ದೆ, ಆದರೆ ಕೇಳುತ್ತಿಲ್ಲವೆಂದೇ ಹೇಳುತ್ತಿದ್ದೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಹನುಮಯ್ಯನ ಕೈಯೇ ಕೆಡಿಸಿತು. ಕ್ಷೌರದವರು ಕತ್ತಿಯ ನೊರೆ ಒರೆಸಲು ಹಳೆ ಕಾಗದ ಇಟ್ಟುಕೊಂಡಿರುತ್ತಾರಲ್ಲ, ಅದಕ್ಕಾಗಿ ಅವನು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯಿಂದ ಬರುವ ರದ್ದಿಯವನ ಹತ್ತಿರ ಕಟ್ಟು ತರಿಸುತ್ತಿದ್ದ. ಓದುವ ಪುಸ್ತಕ ಕನ್ನಡಿಯ ಬಲಕ್ಕೆ, ಒರೆಸುವ ಕಾಗದ ಎಡಕ್ಕೆ. ಯುಗಾದಿಯ ಹಿಂದಿನ ದಿನ, ಜನ ಇರುವೆಯಂತೆ ಮುತ್ತಿದ್ದಾಗ, ಬಲದ ಪುಸ್ತಕ ಎಡಕ್ಕೆ ಬಂತು. ಹನುಮಯ್ಯ ನೋಡದೆ ಹಿಂದಿನಿಂದ ಒಂದೊಂದೇ ಹಾಳೆ ಹರಿದು ಒರೆಸುತ್ತಾ ಹೋದ. ಬಡಾವಣೆಯ ಅರ್ಧ ಜನರ ಗಡ್ಡ ವಜ್ರಕಾಂತನ ಕಡೆಯ ಸಾಹಸಕ್ಕೆ ಅಂಟಿಕೊಂಡು ತಿಪ್ಪೆಗೆ ಹೋಯಿತು.

ಮುಂದಿನ ಮಂಗಳವಾರ ಕತೆ ರಂಗೇರಿತ್ತು. ಊರದೇವತೆಯ ಮೂಗುತಿ ಕಳವಾಗಿದೆ. ಅದನ್ನು ಹುಡುಕಿ ಹೊರಟ ವಜ್ರಕಾಂತನನ್ನು ಕಳ್ಳರು ಹಿಡಿದು ಕೈಕಾಲು ಕಟ್ಟಿ ಬೆಟ್ಟದ ತುದಿಯಿಂದ ತಳ್ಳಿದ್ದಾರೆ. ಅವನು ಬೀಳುತ್ತಿದ್ದಾನೆ. ಹನುಮಯ್ಯ ಪುಟ ಮಗುಚಿದರೆ ರಟ್ಟು. ಮುಖ ಬಿಳಿಚಿಕೊಂಡಿತು. ಬೀಳುವವನನ್ನು ಹಾಗೇ ಬಿಟ್ಟು ಎದ್ದುಹೋಗಲು ಸಾಧ್ಯವೇ? ಎಡಗಡೆ ಕಣ್ಣು ಹಾಯಿಸಿದ. ರದ್ದಿಯ ಕಟ್ಟಿನ ಮೇಲೆ ಇಂಗ್ಲಿಷಿನ ಬಣ್ಣದ ಚಿತ್ರಗಳ ಪುಸ್ತಕವೊಂದು ಬಿದ್ದಿತ್ತು. ಅದರ ಹೊದಿಕೆಯ ಮೇಲೆ ಒಬ್ಬ ದಾಂಡಿಗ ಎರಡೂ ಕೈ ಚಾಚಿ ಆಕಾಶದಲ್ಲಿ ಹಾರುತ್ತಿದ್ದ. ಹನುಮಯ್ಯನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೆ ಹಾರುವವನು ಹಾರುವವನೇ. "ಅಷ್ಟರಲ್ಲಿ ಆಕಾಶದಿಂದ ಗಾಳಿಭೀಮ ಇಳಿದು ಬಂದು ವಜ್ರಕಾಂತನನ್ನು ಹಿಡಿದುಕೊಂಡ" ಎಂದು ಓದುವ ದನಿಯಲ್ಲೇ ಹೇಳಿಬಿಟ್ಟ.

ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ನಾನೂ ನೋಡಿದೆ. ಮೈಗೆ ಅಂಟಿದ ಹಸಿರು ಅಂಗಿ, ಬೆನ್ನಿಗೆ ಹಳದಿ ವಸ್ತ್ರ, ಷರಾಯಿಯ ಮೇಲೆ ಚಡ್ಡಿ. ನನ್ನ ಇಡೀ ಬಾಳಿನಲ್ಲಿ ಅಂಥ ಹೊಲಿಗೆ ಕಂಡಿರಲಿಲ್ಲ. ಯಾವ ದರ್ಜಿ ಮಾಡಿದ ಕೆಲಸವೋ, ಆತ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಕೊಟ್ಟಿದ್ದ. ಹಾಗೆಂದು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಮುನಿಯಪ್ಪನವರು ನಗಲಿಲ್ಲ. ಇಷ್ಟು ವರ್ಷ ಯಾರ ಕೈಯನ್ನೂ ಹಿಡಿಯದ ವಜ್ರಕಾಂತನಿಗೆ ಎಲ್ಲಿಂದಲೋ ಬಂದವನು ಯಾಕೆ ಕೈ ನೀಡಬೇಕು ಎಂದು ಕೋಲು ಊರಿ ಎದ್ದುಹೋದರು.

ಅಲ್ಲಿಗೆ ಊರು ಎರಡಾಯಿತು. ವಜ್ರಕಾಂತ ಹಳ್ಳಿಯವರ ಕಡೆ, ಗಾಳಿಭೀಮ ಬಡಾವಣೆಯವರ ಕಡೆ. ಹನುಮಯ್ಯನಿಗೆ ಮಾತ್ರ ರುಚಿ ಹತ್ತಿತು. ರದ್ದಿಯವನ ಹತ್ತಿರ ಇನ್ನಷ್ಟು ಚಿತ್ರದ ಪುಸ್ತಕ ತರಿಸಿದ. ಪ್ರತಿ ಮಂಗಳವಾರ ಕಾದಂಬರಿಯ ಒಂದು ತುಂಡಿಗೆ ಚಿತ್ರದ ಒಂದು ತುಂಡನ್ನು ಹೊಲಿದು ಹೊಸ ಕತೆ ಕಟ್ಟುತ್ತಿದ್ದ. ಒಂದು ವಾರ ಗಾಳಿಭೀಮ ಬಿಳಿ ಕುದುರೆಯನ್ನು ಹೆಗಲ ಮೇಲೆ ಹೊತ್ತು ಕೆಂಗೇರಿಯ ತನಕ ಹಾರಿದ. ಕುದುರೆ ಅಂಜಿ ಮೂರು ದಿನ ಹುರುಳಿ ಮುಟ್ಟಲಿಲ್ಲ. ಇನ್ನೊಂದು ವಾರ ವಜ್ರಕಾಂತ ಬಳೆಗಾರನ ವೇಷದಲ್ಲಿ ಗಾಳಿಭೀಮನ ಕೈಗೇ ಬಳೆ ತೊಡಿಸಿ ಹೋದ. ನಡುವೆ ಬೆಂಚಿನ ವಾದ ಬೇರೆ: ಬೆತ್ತದ ಕತ್ತಿ ಗಾಳಿಭೀಮನ ಎದೆಗೆ ನಾಟುತ್ತದೆಯೋ ಮುರಿಯುತ್ತದೆಯೋ, ಹಾರುವವನಿಗೆ ಹಸಿವಾಗುತ್ತದೆಯೋ, ಹಸಿವಾದರೆ ಮುದ್ದೆ ನುಂಗಬಲ್ಲನೋ. ಮುದ್ದೆ ನುಂಗಲಾರನೆಂದು ಮುನಿಯಪ್ಪನವರು ಖಡಾಖಂಡಿತವಾಗಿ ಹೇಳಿದರು.

ಬಡಾವಣೆಯವರ ಪರ ವಾದಕ್ಕೆ ನಿಲ್ಲುತ್ತಿದ್ದವನು ಸೋಮಲಿಂಗಪ್ಪ, ಕಾರ್ಖಾನೆಯಲ್ಲಿ ಲೇಥ್ ನಡೆಸುವ ಹುಡುಗ. ಹೊಸಪೇಟೆ ಕಡೆಯವನು, ಮಾತು ಬೇರೆ ಥರ, ಒರಟು. ಕೂರುವುದು ಬಾಗಿಲ ಕಲ್ಲಿನ ಮೇಲೆ. ಒಮ್ಮೆ ಮುನಿಯಪ್ಪನವರ ವಲ್ಲಿಯತ್ತ ಕೈತೋರಿಸಿ, ಅಲ್ಲಿ ಕೂತಿರುವ ಯಜಮಾನರು ಕಣ್ಣಿಗೆ ಕಾಣುತ್ತಿಲ್ಲವಲ್ಲ ಎಂದು ಕುಟುಕಿದ್ದ. ಊರು ಯಾವುದೆಂದು ನಾನೇ ಎರಡು ಸಲ ಕೇಳಿದ್ದೆ. ಆ ಮಾತು ಬಂದಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ. ಕ್ಷೌರದ ಕುರ್ಚಿಯಲ್ಲಿ ಮಾತ್ರ ಕಣ್ಣುಮುಚ್ಚಿ ಹನುಮಯ್ಯನ ಜೊತೆ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದ. ಕೇಳಿದರೆ ಹನುಮಯ್ಯ ಬಾಯಿ ಬಿಡುತ್ತಿರಲಿಲ್ಲ. ಕುರ್ಚಿಯಲ್ಲಿ ಆಡಿದ್ದು ಕುರ್ಚಿಯಲ್ಲೇ ಇರಬೇಕು ಎಂಬುದು ಅವನಪ್ಪ ಹೇಳಿಕೊಟ್ಟ ಪಾಠ.

ಕೊನೆಗೊಂದು ಮಂಗಳವಾರ ಮಾತಿಗೆ ಮಾತು ಬೆಳೆದು ಕೆಂಡವಾಯಿತು. ವಜ್ರಕಾಂತನಿಗೆ ಗಾಳಿಭೀಮನೇ ಮೂಗುತಿ ಕಳ್ಳನೆಂದು ಅನುಮಾನ, ಗಾಳಿಭೀಮನಿಗೆ ವೇಷ ಬದಲಿಸುವ ವಜ್ರಕಾಂತನೇ ಕಳ್ಳನೆಂದು ಅನುಮಾನ. ಇಬ್ಬರೂ ಕಾದಾಡಲು ಬೆಟ್ಟಕ್ಕೆ ಹೊರಟರು ಎಂಬಲ್ಲಿಗೆ ಹನುಮಯ್ಯ ಅಂದಿನ ಕತೆ ನಿಲ್ಲಿಸಿದ್ದ. ಮುನಿಯಪ್ಪನವರು ಎದ್ದು ನಿಂತರು.

"ಬರೋ ಮಂಗಳವಾರ ಇದನ್ನ ಮುಗಿಸು ಕಣ್ಲಾ ಹನುಮ. ಹೊಲ ಹೋಯ್ತು, ಸುಮ್ನಿದ್ದೆ. ವಜ್ರಕಾಂತನೂ ಸೋತ ಅಂದ್ರೆ ಈ ಕೊಠಡಿಗೆ ಬೀಗ ಹಾಕಿ ಬೀಗದಕೈ ಬಾವಿಗೆ ಎಸೀತೀನಿ."

ಸೋಮಲಿಂಗಪ್ಪನೂ ಎದ್ದ. ಗಾಳಿಭೀಮ ಸೋತರೆ ಬಡಾವಣೆಯ ಒಂದು ತಲೆಯೂ ಇತ್ತ ಬರುವುದಿಲ್ಲ, ಸರ್ಕಲ್ಲಿನಲ್ಲಿ ತಿರುಗುವ ಕುರ್ಚಿಯ ಹೊಸ ಸೆಲೂನು ತೆರೆದಿದೆ ಎಂದ. ಹಿಂದಿದ್ದವರು ಹೌದು ಹೌದು ಎಂದರು. ನಗುತ್ತಲೇ ಅಂದರೂ ಆ ನಗುವಿನಲ್ಲಿ ಸತ್ಯವಿತ್ತು, ಹನುಮಯ್ಯನಿಗೂ ಅದು ಗೊತ್ತಿತ್ತು. ಗೋಡೆ ಹೋದರೆ ಅಂಗಡಿ ಇಲ್ಲ, ತಲೆಗಳು ಹೋದರೆ ಅನ್ನವಿಲ್ಲ. ಅತ್ತ ದರಿ, ಇತ್ತ ಪುಲಿ.

ಆ ವಾರ ಅವನು ಅರ್ಧ ಆಳಾದ. ಕೆಲಸ ಮಾಡುತ್ತಾ ದಿನಾ ಹಾಕುತ್ತಿದ್ದ ಸಿಳ್ಳೆ ಗೋಡೆಯಾಚೆಯಿಂದ ಕೇಳಲಿಲ್ಲ. ಗಡ್ಡ ಹೆರೆಯುವಾಗ ನನ್ನ ಕೆನ್ನೆ ಕುಯ್ದ, ಅದೂ ಎರಡು ಕಡೆ. ಏನು ಮಾಡಲಿ ಕೇಶವಣ್ಣ ಎಂದು ಕೇಳಿದಾಗ ರಕ್ತ ಒರೆಸಿಕೊಳ್ಳುತ್ತಾ, ಇಬ್ಬರನ್ನೂ ಬೆಟ್ಟದಿಂದ ಬೀಳಿಸಿ ಸಾಯಿಸು, ಪೀಡೆ ತೊಲಗಲಿ ಎಂದೆ. ಸಿಡುಕನ ಸಲಹೆ ಸಿಡುಕನಂತೆಯೇ ಇರುತ್ತದೆ. ಚಿಕ್ಕಗಂಗಮ್ಮ ಪರದೆಯ ಆಚೆಯಿಂದ ನನ್ನನ್ನು ಚೆನ್ನಾಗಿ ಬೈದಳು. ಆಮೇಲೆ ಗಂಡನಿಗೆ, ಇಷ್ಟು ತಿಂಗಳಿಂದ ಆ ಇಬ್ಬರನ್ನೂ ಬೆಟ್ಟ ಗುಡ್ಡ ಅಂತ ಓಡಾಡಿಸುತ್ತಿದ್ದೀಯಲ್ಲ, ಒಬ್ಬನಿಗಾದರೂ ಒಂದು ದಿನ ಕ್ಷೌರ ಮಾಡಿಸಿದ್ದೀಯಾ ಎಂದು ಕೇಳಿದಳು. ಹನುಮಯ್ಯ ಕತ್ತಿಯನ್ನು ಮಡಿಸಿ ಕೆಳಗಿಟ್ಟ. ಅಂದು ಸಂಜೆ ಮತ್ತೆ ಸಿಳ್ಳೆ ಕೇಳಿತು.

ಮಂಗಳವಾರ ಸಂಜೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮುನಿಯಪ್ಪನವರು ಬೆಂಚಿನಲ್ಲಿ, ಪಕ್ಕದಲ್ಲಿ ವಲ್ಲಿ, ವಲ್ಲಿಯ ಮೇಲೆ ಕೋಲು. ಆ ದಿನ ಕೋಲಿನ ಪಕ್ಕ ಒಂದು ಹಿತ್ತಾಳೆಯ ಬೀಗವೂ ಇತ್ತು. ಸೋಮಲಿಂಗಪ್ಪ ಬಾಗಿಲ ಕಲ್ಲಿನ ಮೇಲೆ. ನಾನು ಮಿಷನ್ನು ಮುಚ್ಚಿ ಬಂದು ನಿಂತೆ. ಈ ಸಲ ಕೇಳುತ್ತಿಲ್ಲವೆಂದು ಯಾರಿಗೂ ಹೇಳಲಿಲ್ಲ. ಹನುಮಯ್ಯ ಕೈಯಲ್ಲಿ ಯಾವ ಪುಸ್ತಕವನ್ನೂ ಹಿಡಿಯದೆ ಶುರುಮಾಡಿದ.

ಕಾದಾಟಕ್ಕೆ ಹೊರಟರಲ್ಲ, ಆದರೆ ಇಬ್ಬರಿಗೂ ಒಂದೊಂದು ತೊಂದರೆ. ವಜ್ರಕಾಂತ ತಿಂಗಳುಗಟ್ಟಲೆ ಸನ್ಯಾಸಿಯ ವೇಷದಲ್ಲಿದ್ದು ಅಂಟಿಸಿದ ಗಡ್ಡ ಕೆನ್ನೆಗೇ ಬೆಸೆದುಕೊಂಡಿದೆ, ಬಾಯಿ ಬಿಟ್ಟರೆ ತುಟಿ ಎಳೆಯುತ್ತದೆ. ಗಾಳಿಭೀಮನಿಗೆ ಹಾರಿ ಹಾರಿ ಕೂದಲು ಬೆಳೆದು ಕಣ್ಣ ಮೇಲೆ ಇಳಿದಿದೆ, ಎದುರಿರುವುದು ಮರವೋ ಮನುಷ್ಯನೋ ತಿಳಿಯದು. ಇಂಥ ಅವತಾರದಲ್ಲಿ ಕಾದಾಡಿ ಗೆದ್ದರೂ ಮರ್ಯಾದೆಯಿಲ್ಲ. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಕ್ಷೌರದ ಅಂಗಡಿ ಹುಡುಕಿಕೊಂಡು ಬಂದರು. ಆ ಊರಿಗೆಲ್ಲ ಇದ್ದದ್ದು ಒಂದೇ ಅಂಗಡಿ. ಬಾಗಿಲಲ್ಲಿ ಮುಖಾಮುಖಿಯಾದರು. ವಜ್ರಕಾಂತ ಬೆತ್ತದಿಂದ ಕತ್ತಿ ಎಳೆದ, ಗಾಳಿಭೀಮ ಅಂಗಡಿಯ ಸೂರನ್ನೇ ಎತ್ತಿ ಹಿಡಿದ. ಒಳಗಿದ್ದ ಕ್ಷೌರಿಕ ನಶ್ಯ ಏರಿಸಿಕೊಂಡು, ಇಬ್ಬರೂ ಎಂಥವರೇ ಆಗಿರಲಿ, ಇವತ್ತು ಮಂಗಳವಾರ, ನಾಳೆ ಬನ್ನಿ ಎಂದ.

ಎಲ್ಲರೂ ನಕ್ಕರು. ಮುನಿಯಪ್ಪನವರ ಮೀಸೆಯೂ ಅಲುಗಿತು. ಮಂಗಳವಾರದ ಮೇಲೆ ವಾದ ಹೂಡಲು ಅವರಿಗೂ ಸಾಧ್ಯವಿರಲಿಲ್ಲ.

ಹನುಮಯ್ಯ ನಗಲಿಲ್ಲ, ದನಿ ಇಳಿಸಿದ. ಇಬ್ಬರಿಗೂ ಬೇರೆ ಹೋಗುವ ಜಾಗವಿಲ್ಲ. ಅಂಗಡಿಯಲ್ಲಿ ಇರುವುದು ಒಂದೇ ಬೆಂಚು. ಅದರ ಈ ತುದಿಗೆ ವಜ್ರಕಾಂತ, ಆ ತುದಿಗೆ ಗಾಳಿಭೀಮ ಕೂತರು. ಕಾಯುವ ಜನ ಎಷ್ಟು ಹೊತ್ತು ಸುಮ್ಮನಿದ್ದಾರು? ಬಿಗುಮಾನ ಬಿಟ್ಟು ವಜ್ರಕಾಂತನೇ ಕೇಳಿದ, ಅಲ್ಲಯ್ಯ, ಭೂಮಿ ಮೇಲೆ ಇಷ್ಟು ಜಾಗ ಇರುವಾಗ ನೀನು ಯಾಕೆ ಆಕಾಶದಲ್ಲಿ ಇರುತ್ತೀಯ ಎಂದು. ಇಷ್ಟು ಹೇಳಿ ಹನುಮಯ್ಯ ತನ್ನ ಅಂಗೈ ನೋಡಿಕೊಂಡ. ಮುಂದಿನದನ್ನು ಗಾಳಿಭೀಮನ ದನಿಯಲ್ಲೇ ಹೇಳಿದ.

"ಆಸೆಪಟ್ಟು ಹಾರೋದು ಕಲೀಲಿಲ್ಲ ಸ್ವಾಮಿ. ನಮ್ಮೂರಿನ ಹೊಳೆಗೆ ಅಣೆಕಟ್ಟು ಕಟ್ಟಿದ್ರು. ಹೊಲ, ಮನೆ, ಗುಡಿ, ನಮ್ಮಪ್ಪನ ಸಮಾಧಿ ಎಲ್ಲ ನೀರೊಳಗೆ ಹೋಯ್ತು. ಕಾಲೂರೋಕೆ ಜಾಗ ಇರ್ಲಿಲ್ಲ, ಅದಕ್ಕೆ ಹಾರಿದೆ."

ಅದಕ್ಕೆ ವಜ್ರಕಾಂತ, ನನ್ನೂರು ಇದೆ, ಗುಡಿ ಇದೆ, ಹೊಲ ಮಾತ್ರ ಇಲ್ಲ, ಹಳೇ ಮುಖದಲ್ಲಿ ಆ ಊರಲ್ಲಿ ಓಡಾಡಲು ಮನಸ್ಸು ಬಾರದೆ ದಿನಕ್ಕೊಂದು ವೇಷ ಹಾಕುತ್ತೇನೆ ಎಂದ. ಆಮೇಲೆ ಇಬ್ಬರೂ ಬೆಳಗಾಗುವವರೆಗೆ ಮಾತಾಡಿದರು. ಮೂಗುತಿ ಕದ್ದವನು ತಮ್ಮಿಬ್ಬರಲ್ಲಿ ಯಾರೂ ಅಲ್ಲ ಎಂಬುದು ಮಾತಿನಲ್ಲೇ ತಿಳಿಯಿತು. ಇಬ್ಬರೂ ಕೂಡಿ ಹುಡುಕೋಣ, ಮೊದಲು ಕ್ಷೌರ ಆಗಲಿ ಎಂದುಕೊಂಡರು. ಅಷ್ಟಕ್ಕೆ ಹನುಮಯ್ಯ ನಿಲ್ಲಿಸಿದ.

ನಾನು ಸೋಮಲಿಂಗಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದ. ಕುರ್ಚಿಯಲ್ಲಿ ಕಣ್ಣುಮುಚ್ಚಿ ಅವನು ಹನುಮಯ್ಯನಿಗೆ ಹೇಳುತ್ತಿದ್ದುದು ಏನೆಂದು ನನಗೆ ಆಗ ಹೊಳೆಯಿತು. ನಾನು ಎರಡು ಸಲ ಕೇಳಿ, ಉತ್ತರ ಬಾರದ್ದಕ್ಕೆ ಅವನನ್ನು ಗರ್ವಿಷ್ಠನೆಂದು ಎಣಿಸಿದ್ದೆ. ನನಗೆ ನಾಚಿಕೆಯಾಯಿತು.

ಮುನಿಯಪ್ಪನವರು ಕೂಡ ಅವನನ್ನೇ ನೋಡುತ್ತಿದ್ದರು. ಎಂಬತ್ತರ ಹತ್ತಿರದ ಮುದುಕರು. ಹೊಲದ ಮಾತಿನಲ್ಲಿ ಅವರಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

"ನಿಮ್ಮೂರು ಯಾವ್ದಪ್ಪಾ?" ಎಂದರು.

"ಈಗ ಇಲ್ರೀ ಯಜಮಾನ್ರ. ನೀರಾಗ ಹೋತು" ಎಂದ ಸೋಮಲಿಂಗಪ್ಪ.

ಎಷ್ಟು ಎಕರೆ ಇತ್ತೆಂದು ಮುದುಕರು ಕೇಳಲಿಲ್ಲ. ಏನು ಬೆಳೆಯುತ್ತಿದ್ದಿರಿ ಎಂದು ಕೇಳಿದರು. ಜೋಳ ಎಂದ ಅವನು. ಕಪ್ಪು ನೆಲವೋ ಎಂದರು. ಹೌದು, ಮಳೆಗಾಲದಲ್ಲಿ ಕಾಲು ಕೀಳಲು ಆಗದಂಥ ಕಪ್ಪು ಎಂದ. ತಮ್ಮದು ಕೆಂಪು ನೆಲ, ಈಗ ಅದರ ಮೇಲೆ ನಿಮ್ಮ ಕ್ವಾರ್ಟರ್ಸ್ ಇವೆ, ಅಲ್ಲಿ ಒಂದು ಹುಣಸೆಮರವಿತ್ತು ಎಂದರು ಮುನಿಯಪ್ಪನವರು. ಅದು ಇನ್ನೂ ಇದೆ, ಅದರ ನೆರಳಿನಲ್ಲೇ ನಾವು ಸೈಕಲ್ಲು ನಿಲ್ಲಿಸುತ್ತೇವೆ ಎಂದ ಸೋಮಲಿಂಗಪ್ಪ. ಮುದುಕರ ಮುಖ ಅರಳಿತು. ಮರ ಕಡಿದಿರಬೇಕೆಂದು ಎಣಿಸಿ ಆ ಕಡೆ ಕಾಲಿಡುವುದನ್ನೇ ಅವರು ಬಿಟ್ಟಿದ್ದರಂತೆ.

ಗುಂಪು ಕರಗುವ ಹೊತ್ತಿಗೆ ಗೆದ್ದವರು ಯಾರೆಂದು ಯಾರೂ ಕೇಳಲಿಲ್ಲ. ಹಿಂದೆ ನಿಂತಿದ್ದ ಒಬ್ಬ ತರಲೆ ಮಾತ್ರ, ಅದೆಲ್ಲ ಸರಿ ಹನುಮಯ್ಯ, ಬೆಳಗಾದ ಮೇಲೆ ಕುರ್ಚಿಗೆ ಮೊದಲು ಹತ್ತಿದವರು ಯಾರು ಎಂದು ಕೇಳಿಬಿಟ್ಟ. ಹನುಮಯ್ಯನ ಮುಖದ ಬಣ್ಣ ಮತ್ತೆ ಇಳಿಯಿತು. ಇದನ್ನು ಅವನೂ ಯೋಚಿಸಿರಲಿಲ್ಲ, ಚಿಕ್ಕಗಂಗಮ್ಮನೂ ಯೋಚಿಸಿರಲಿಲ್ಲ. ಅವನು ಮುನಿಯಪ್ಪನವರತ್ತ ನೋಡಿದ, ಬಾಗಿಲತ್ತ ನೋಡಿದ, ನನ್ನತ್ತ ನೋಡಿದ. ನಾನೇನು ಹೇಳಲಿ? ನನ್ನ ಸಲಹೆಯ ಬೆಲೆ ಎಲ್ಲರಿಗೂ ಗೊತ್ತಿತ್ತು.

ಮುನಿಯಪ್ಪನವರು ಬೀಗವನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಕೋಲನ್ನು ಗೋಡೆಗೆ ಒರಗಿಸಿದರು. ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿ, ಸೋಮಲಿಂಗಪ್ಪನ ಕಡೆ ಗದ್ದ ಎತ್ತಿದರು.

"ಅವನಿಗೇ ಮೊದ್ಲು ಮಾಡು ಕಣ್ಲಾ. ದೂರದಿಂದ ಬಂದೋನು."

ಸೋಮಲಿಂಗಪ್ಪ ಕಲ್ಲಿನಿಂದ ಎದ್ದು ಬಂದು ಬೆಂಚಿನಲ್ಲಿ ಕೂತ. ಕ್ಷೌರ ಮಾಡುವಂತಿರಲಿಲ್ಲ, ಮಂಗಳವಾರವಲ್ಲವೆ. ಹಾಗಾಗಿ ಇಬ್ಬರೂ ಸುಮ್ಮನೆ ಕೂತೇ ಇದ್ದರು. ಪರದೆಯ ಆಚೆಯಿಂದ ಚಿಕ್ಕಗಂಗಮ್ಮ ಎರಡು ಲೋಟ ಕಾಫಿ ಕಳಿಸಿದಳು. ನನಗೆ ಕಳಿಸಲಿಲ್ಲ.